ಇಂಗ್ಲಿಷ್ ಪತ್ರದಲ್ಲಿ ನಮ್ಮ 'ರಿ' ಎಲ್ಲಿ ಹಾಕೋದು?

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಿಗೆ ಏನು ಕೇಳಬೇಕಾದರೂ ಕೊನೆಗೊಂದು 'ರಿ' ಸೇರಿಸಿದರೆ ಸಾಕು. 'ಸರ್ಟಿಫಿಕೇಟ್ ಕಳಿಸ್ರಿ', 'ಸ್ವಲ್ಪ ನೋಡ್ರಿ ಸರ್'. ಮರ್ಯಾದೆ ಅಷ್ಟರಲ್ಲೇ ಬಂತು. ಇಂಗ್ಲಿಷ್‌ನಲ್ಲಿ ಆ 'ರಿ' ಇಲ್ಲ. ಹಾಗಾಗಿ ಮನಸ್ಸಲ್ಲಿ 'ಕಳಿಸ್ರಿ' ಅಂದುಕೊಂಡು 'ಸೆಂಡ್ ದಿ ಸರ್ಟಿಫಿಕೇಟ್' ಅಂತ ಬರೆದರೆ ಓದುವವರಿಗೆ ಅದು 'ಕಳಿಸು' ಅಂತಲೇ ಕೇಳಿಸುತ್ತದೆ. ಕೆಲಸಕ್ಕೆ, ಅಡ್ಮಿಷನ್‌ಗೆ, ವ್ಯಾಪಾರಕ್ಕೆ ಅಂತ ಹೊರಗಿನವರಿಗೆ ಇಮೇಲ್ ಬರೆಯುವ ನಮ್ಮ ಹುಡುಗ ಹುಡುಗಿಯರು ಇಷ್ಟು ಸಣ್ಣ ವಿಷಯಕ್ಕೆ ಹಿಂದೆ ಬೀಳಬಾರದು ಅಂತ ಇದನ್ನ ಬರೆಯುತ್ತಿದ್ದೇನೆ.

ಇಂಗ್ಲಿಷ್‌ನಲ್ಲಿ ಮರ್ಯಾದೆ ಜಾಸ್ತಿ ಇರೋದು ಪ್ರಶ್ನೆ ಕೇಳುವ ರೀತಿಯಲ್ಲಿ. 'ಪ್ಲೀಸ್' ಹಾಕಿದರೂ ಆಜ್ಞೆ ಆಜ್ಞೆಯೇ. 'ಕುಡ್ ಯು ಪ್ಲೀಸ್ ಸೆಂಡ್' ಅಂತ ಶುರು ಮಾಡಿ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಕೇಳುತ್ತಿರುವುದು ದೊಡ್ಡ ಉಪಕಾರ ಆಗಿದ್ದರೆ 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್' ಅನ್ನಿ. 'ಐ ವಾಂಟ್' ಬದಲು 'ಐ ವುಡ್ ಲೈಕ್'. ಇಷ್ಟು ರೂಢಿಯಾದರೆ ಅರ್ಧ ಕೆಲಸ ಆದಂತೆ.

ಒಂದು ಪತ್ರ ತೆಗೆದುಕೊಂಡು ನೋಡೋಣ. ಬೀದರಿನ ಬಿದ್ರಿ ಕುಶಲಕರ್ಮಿಯೊಬ್ಬರು ದೆಹಲಿಯ ಅಂಗಡಿಗೆ ಬರೆಯುತ್ತಿದ್ದಾರೆ ಅಂದುಕೊಳ್ಳಿ. ಹೂಜಿಗೆ ಕೂರಿಸುವ ಬೆಳ್ಳಿ ತಂತಿಯನ್ನು ಮೊದಲೇ ದುಡ್ಡು ಕೊಟ್ಟು ತರಬೇಕು, ಅದಕ್ಕೆ ಅಡ್ವಾನ್ಸ್ ಬೇಕು. 'ಯು ಹ್ಯಾವ್ ನಾಟ್ ಸೆಂಟ್ ಅಡ್ವಾನ್ಸ್. ಸೆಂಡ್ ಇಮ್ಮಿಡಿಯಟ್ಲಿ ಅಂಡ್ ಡೂ ದಿ ನೀಡ್‌ಫುಲ್' ಅಂತ ಬರೆದರೆ ಜಗಳಕ್ಕೆ ಬಂದಂತೆ ಕಾಣುತ್ತದೆ. ಅದನ್ನೇ ಹೀಗೆ ಬರೆಯಬಹುದು: 'ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ದಿ ಅಡ್ವಾನ್ಸ್. ಕುಡ್ ಯು ಪ್ಲೀಸ್ ಸೆಂಡ್ ಇಟ್ ಬೈ ಫ್ರೈಡೇ, ಸೋ ದಟ್ ವಿ ಕ್ಯಾನ್ ಬೈ ದಿ ಸಿಲ್ವರ್ ಅಂಡ್ ಬಿಗಿನ್ ದಿ ವರ್ಕ್?' ಇಲ್ಲಿ 'ನೀವು ಕಳಿಸಿಲ್ಲ' ಅನ್ನೋದು 'ನಮಗಿನ್ನೂ ಬಂದಿಲ್ಲ' ಅಂತಾಯಿತು. ತಪ್ಪು ಯಾರ ತಲೆಗೂ ಕಟ್ಟಲಿಲ್ಲ. ಯಾವತ್ತಿಗೆ ಬೇಕು, ಯಾಕೆ ಬೇಕು ಎರಡೂ ಇದೆ, ಮತ್ತೆ ಅವರು ಮಾಡಬೇಕಾದ ಕೆಲಸ ಏನು ಅಂತ ಗೊತ್ತಾದ ಮೇಲೆ 'ಡೂ ದಿ ನೀಡ್‌ಫುಲ್' ಯಾಕೆ ಬೇಕು ಹೇಳಿ. ಅದು ಹಳೇ ಕಚೇರಿ ಇಂಗ್ಲಿಷ್. ನಮ್ಮಲ್ಲಿ ಉಳಿದುಕೊಂಡಿದೆ, ಹೊರದೇಶದವರಿಗೆ ಹಳತಾಗಿ ಕೇಳುತ್ತದೆ.

ಅದೇ ಪತ್ರದ 'ಬೈ ಫ್ರೈಡೇ' ನೋಡಿ. 'ಬೈ' ಅಂದರೆ ಶುಕ್ರವಾರದೊಳಗೆ, 'ಅನ್‌ಟಿಲ್' ಅಂದರೆ ಶುಕ್ರವಾರದವರೆಗೆ. ಕನ್ನಡದಲ್ಲಿ ಒಳಗೆ, ವರೆಗೆ ಅಂತ ನಾವು ಸರಿಯಾಗಿಯೇ ಹೇಳುತ್ತೇವೆ, ಇಂಗ್ಲಿಷ್‌ಗೆ ಬಂದಾಗ ಮಾತ್ರ ಕಲಸಿಬಿಡುತ್ತೇವೆ. 'ರಿಮೆಂಬರ್' ಮತ್ತು 'ರಿಮೈಂಡ್' ಕೂಡ ಹಾಗೇ: ನೆನಪಿಟ್ಟುಕೊಳ್ಳೋದು ಮೊದಲನೆಯದು, ನೆನಪಿಸೋದು ಎರಡನೆಯದು. ಸಂಬಳದ ವಿಚಾರ ಕೇಳಬೇಕಾದರೆ 'ಐ ಹ್ಯಾವ್ ಎ ಡೌಟ್' ಅನ್ನಬೇಡಿ. ನಮ್ಮ ಕ್ಲಾಸಿನಲ್ಲಿ ಅದು ನಡೆಯುತ್ತದೆ, ಹೊರಗಿನವರು ನಿಮಗೆ ಅವರ ಮೇಲೆ ಅನುಮಾನ ಅಂತ ತಿಳಿಯಬಹುದು. 'ಐ ಹ್ಯಾವ್ ಎ ಕ್ವೆಶ್ಚನ್' ಸರಿ. ಹಾಗೇ 'ಪಾಸ್ಡ್ ಔಟ್' ಅಂದರೆ ಹೊರದೇಶದಲ್ಲಿ ಮೂರ್ಛೆ ಹೋದರು ಅಂತ ಅರ್ಥ. ಡಿಗ್ರಿ ಮುಗಿಸಿದ್ದಕ್ಕೆ 'ಗ್ರ್ಯಾಜುಯೇಟೆಡ್' ಬರೆಯಿರಿ.

ಇನ್ನು ಸ್ಪೆಲಿಂಗ್‌ನಲ್ಲಿ ಕೈಕೊಡುವ ಜೋಡಿಗಳು. ಕಾಲೇಜಿನ ಪ್ರಿನ್ಸಿಪಾಲ್‌ಗೂ ಸಾಲದ ಅಸಲಿಗೂ ಕೊನೆಯಲ್ಲಿ ಪಿ-ಎ-ಎಲ್. ತತ್ವ ಅನ್ನುವ ಅರ್ಥಕ್ಕೆ ಪಿ-ಎಲ್-ಇ. ಟಿಸಿ ಕೇಳುವ ಪತ್ರದ ಮೊದಲ ಸಾಲಿನಲ್ಲೇ ಇದು ತಪ್ಪಿದರೆ ಚೆನ್ನಾಗಿರೋದಿಲ್ಲ, ಅಲ್ವಾ? ಸಲಹೆ ಅನ್ನೋ ನಾಮಪದ 'ಅಡ್ವೈಸ್', ಕೊನೆಯಲ್ಲಿ ಸಿ-ಇ. ಸಲಹೆ ಕೊಡು ಅನ್ನೋ ಕ್ರಿಯಾಪದ 'ಅಡ್ವೈಝ್', ಕೊನೆಯಲ್ಲಿ ಎಸ್-ಇ. ಸಲಹೆ ಎಷ್ಟೇ ಇರಲಿ, 'ಅಡ್ವೈಸಸ್' ಅಂತ ಬರೆಯೋದಿಲ್ಲ. ಪೆನ್ನು, ಕಾಗದದ ಸ್ಟೇಷನರಿಗೆ ಇ-ಆರ್-ವೈ, ನಿಂತಲ್ಲೇ ನಿಂತದ್ದಕ್ಕೆ ಎ-ಆರ್-ವೈ. ಕಳೆದುಕೊಳ್ಳೋದಕ್ಕೆ 'ಲೂಝ್', ಒಂದೇ ಓ. ಸಡಿಲವಾದದ್ದಕ್ಕೆ 'ಲೂಸ್', ಎರಡು ಓ.

'ಕೈಂಡ್ಲಿ' ತಪ್ಪೇನಲ್ಲ, ಆದರೆ ಪ್ರತಿ ಸಾಲಿಗೂ ಹಾಕಿದರೆ ನೋಟಿಸ್ ಓದಿದಂತಾಗುತ್ತದೆ. 'ರಿವರ್ಟ್ ಬ್ಯಾಕ್' ಬಿಡಿ, 'ರಿಪ್ಲೈ' ಇದೆಯಲ್ಲ. ಕಾಗದದ ಲಕೋಟೆಯಲ್ಲಿಟ್ಟದ್ದು 'ಎನ್‌ಕ್ಲೋಸ್ಡ್', ಇಮೇಲ್‌ಗೆ ಸೇರಿಸಿದ್ದು 'ಅಟ್ಯಾಚ್ಡ್'.

ತಹಶೀಲ್ದಾರರಿಗೋ ಹೆಡ್‌ಮಾಸ್ಟರಿಗೋ 'ರೆಸ್ಪೆಕ್ಟೆಡ್ ಸರ್' ನಡೆಯುತ್ತದೆ, ಕಂಪನಿಗೆ 'ಡಿಯರ್' ಸಾಕು. ಬ್ರಿಟಿಷ್ ಪದ್ಧತಿಯಲ್ಲಿ 'ಡಿಯರ್ ಸರ್' ಅಂತ ಶುರು ಮಾಡಿದರೆ 'ಯುವರ್ಸ್ ಫೇತ್‌ಫುಲಿ', ಹೆಸರು ಹಿಡಿದು ಬರೆದರೆ 'ಯುವರ್ಸ್ ಸಿನ್ಸಿಯರ್ಲಿ' ಅಂತ ಮುಗಿಸುತ್ತಾರೆ. 'ಯುವರ್ಸ್' ನಡುವೆ ಆ ಮೇಲಿನ ಚುಕ್ಕೆ, ಅದೇ ಅಪಾಸ್ಟ್ರಫಿ, ಬರೋದಿಲ್ಲ.

ವಿಳಾಸದಲ್ಲೊಂದು ಎಚ್ಚರ. ಊರಿನ ಹೆಸರು 2014ರಿಂದ ಕಲಬುರಗಿ, ಅದನ್ನೇ ಬರೆಯಿರಿ. ಆದರೆ ಅಂಕಪಟ್ಟಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಅಂತ ಇದ್ದರೆ ಅಲ್ಲಿರುವ ಸ್ಪೆಲಿಂಗ್‌ನಂತೆಯೇ ಬರೆಯಿರಿ, ತಿದ್ದಲು ಹೋಗಬೇಡಿ. ಈಗಿನ ಯಾದಗಿರಿ ಜಿಲ್ಲೆಯವರ ಹಳೇ ದಾಖಲೆಯಲ್ಲಿ ಗುಲಬರ್ಗಾ ಜಿಲ್ಲೆ ಅಂತಿದ್ದರೆ, ಜಿಲ್ಲೆ ಬೇರೆಯಾದದ್ದನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ತಿಳಿಸಿ, ಯಾಕೆಂದರೆ ದಾಖಲೆ ತಾಳೆ ನೋಡುವ ಹೊರರಾಜ್ಯದವರಿಗೆ ಅದು ಗೊತ್ತಿರೋದಿಲ್ಲ.