ವಿಮಾನ ದೂರ, ಹಾರಾಟದ ಸಮಯ: ನಾನೇ ಲೆಕ್ಕ ಹಾಕಿ ಕಲಿತಿದ್ದು

ನ್ಯೂಯಾರ್ಕ್‌ನ ಜಾನ್ ಎಫ್. ಕೆನಡಿ ನಿಲ್ದಾಣದಿಂದ ಲಂಡನ್‌ನ ಹೀಥ್ರೂಗೆ ಎಷ್ಟು ದೂರ? ಹುಡುಕಿದರೆ ಉತ್ತರ ತಕ್ಷಣ ಸಿಗುತ್ತದೆ. ಆದರೆ ಆ ಸಂಖ್ಯೆ ಹುಟ್ಟುವುದು ಹೇಗೆ ಅಂತ ತಿಳಿಯುವ ಆಸೆಯಿಂದ ನಾನೇ ಲೆಕ್ಕಕ್ಕೆ ಕೂತೆ.

ಮೊದಲು ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಎಳೆದು ಹಿಡಿದೆ. ದಾರ ಪೂರ್ವಕ್ಕೆ ನೆಟ್ಟಗೆ ಹೋಗಲಿಲ್ಲ, ಈಶಾನ್ಯಕ್ಕೆ ಏರಿ ನ್ಯೂಫೌಂಡ್‌ಲ್ಯಾಂಡ್ ಬಳಿ ಹಾದು ಸಾಗರ ದಾಟಿತು. ಇದೇ ಮಹಾವೃತ್ತದ ದಾರಿ, ಅಂದರೆ ಗೋಳದ ಮೇಲೆ ಎರಡು ಜಾಗಗಳ ನಡುವಿನ ಅತಿ ಚಿಕ್ಕ ದಾರಿ. ಗೋಡೆಯ ಮೇಲಿರುವ, ಗುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹರಡಿ ತೋರಿಸುವ ಮರ್ಕೇಟರ್ ನಕಾಶೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ನೇರ ಕಾಣುತ್ತದಲ್ಲ, ಆ ದಾರಿ ನಿಜವಾಗಿ ಸುಮಾರು 220 ಕಿ.ಮೀ. ಸುತ್ತು.

ಆಮೇಲೆ ಸ್ಪ್ರೆಡ್‌ಶೀಟ್. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ, ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ., ಹ್ಯಾವರ್‌ಸೈನ್ ಸೂತ್ರ (ಅಕ್ಷಾಂಶ, ರೇಖಾಂಶಗಳಿಂದ ಮಹಾವೃತ್ತದ ದೂರ ಕೊಡುವ ಸೂತ್ರ). ಮೊದಲ ಸಲ ಅರ್ಥವಿಲ್ಲದ ಉತ್ತರ ಬಂತು. ಸ್ಪ್ರೆಡ್‌ಶೀಟಿನ ಸೈನ್, ಕೊಸೈನ್‌ಗಳಿಗೆ ಕೋನವನ್ನು ಡಿಗ್ರಿಯ ಬದಲು ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿ ಕೊಡಬೇಕು, ನಾನು ಡಿಗ್ರಿಯಲ್ಲೇ ಕೊಟ್ಟಿದ್ದೆ. ತಿದ್ದಿದ ಮೇಲೆ 5,600 ಕಿ.ಮೀ. ಬಂತು, ಸರಿಯಾಯಿತು ಅಂದುಕೊಂಡೆ. ಆಗಿರಲಿಲ್ಲ. ನ್ಯೂಯಾರ್ಕ್ ಇರುವುದು ಪಶ್ಚಿಮ ರೇಖಾಂಶ 73.78ರಲ್ಲಿ, ಅದಕ್ಕೆ ಮೈನಸ್ ಚಿಹ್ನೆ ಹಾಕುವುದನ್ನು ಬಿಟ್ಟಿದ್ದೆ. ಹೀಥ್ರೂ ಸೊನ್ನೆ ರೇಖಾಂಶಕ್ಕೆ ಅಷ್ಟು ಹತ್ತಿರ ಇರುವುದರಿಂದ, ನ್ಯೂಯಾರ್ಕನ್ನು ಭೂಮಿಯ ಆಚೆ ಬದಿಗೆ ಎತ್ತಿಟ್ಟರೂ ದೂರ ಬರೀ 60 ಕಿ.ಮೀ. ಕೆಟ್ಟಿತ್ತು. ಉತ್ತರ ನಂಬುವಂತೆ ಕಂಡಾಗ ತಪ್ಪು ಅಡಗಿ ಕೂರುವುದು ಹೀಗೇ. ಚಿಹ್ನೆ ಹಾಕಿದೆ, 5,540 ಬಂತು. ಭೂಮಿ ಪೂರ್ತಿ ಗುಂಡಗಿಲ್ಲವಾದ್ದರಿಂದ ನಿಖರ ಸಂಖ್ಯೆ ಇದಕ್ಕಿಂತ ತುಸು ಹೆಚ್ಚು. ನನ್ನ ಕೆಲಸಕ್ಕೆ ಇಷ್ಟು ಸಾಕು.

ದೂರ ಸಿಕ್ಕಿತು. ಸಮಯ ಅಷ್ಟು ಸುಲಭಕ್ಕೆ ಸಿಗಲಿಲ್ಲ.

ಗಂಟೆಗೆ 900 ಕಿ.ಮೀ. ವೇಗ ಹಿಡಿದು ಭಾಗಿಸಿದರೆ 6 ಗಂಟೆ 9 ನಿಮಿಷ. ವೇಳಾಪಟ್ಟಿ ನೋಡಿದರೆ ಲಂಡನ್‌ಗೆ ಹೋಗಲು ಸುಮಾರು 7 ಗಂಟೆ, ವಾಪಸ್ಸಿಗೆ ಸುಮಾರು 8. ಒಂದೇ ದೂರಕ್ಕೆ ಎರಡು ಸಮಯ! ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿಯೇ ಇದಕ್ಕೆ ಮುಖ್ಯ ಕಾರಣ. 2020ರ ಫೆಬ್ರವರಿಯಲ್ಲಿ ಚಂಡಮಾರುತದ ಗಾಳಿ ಬೆನ್ನಿಗೆ ಸಿಕ್ಕ ಒಂದು ಬೋಯಿಂಗ್ 747 ಇದೇ ದಾರಿಯನ್ನು 5 ಗಂಟೆಯೊಳಗೆ ಮುಗಿಸಿತ್ತು.

ಗಂಟೆಗೆ 100 ಕಿ.ಮೀ. ಗಾಳಿ ಇದೆ ಅಂತ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿದೆ. ಹೋಗುವಾಗ 5 ಗಂಟೆ 32 ನಿಮಿಷ, ಬರುವಾಗ 6 ಗಂಟೆ 55 ನಿಮಿಷ. ಹೋಗುವಾಗ ಉಳಿಸಿದ್ದಕ್ಕಿಂತ ಬರುವಾಗ ಕಳೆದದ್ದೇ ಹೆಚ್ಚು, ಯಾಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ. ಈ ಲೆಕ್ಕ ಬಿಡಿಸಿಕೊಂಡಾಗ ನಿಜಕ್ಕೂ ಖುಷಿಯಾಯಿತು.

ಉಳಿದದ್ದು ನೆಲದ ಸಮಯ. ವೇಳಾಪಟ್ಟಿಯ ಗಡಿಯಾರ ವಿಮಾನ ಗೇಟ್ ಬಿಟ್ಟಾಗ ಶುರುವಾಗಿ ಇನ್ನೊಂದು ಗೇಟ್ ಸೇರಿದಾಗ ನಿಲ್ಲುತ್ತದೆ. ರನ್‌ವೇವರೆಗಿನ ಓಡಾಟ, ನಿಧಾನವಾಗಿ ಮೇಲೇರುವುದು, ಕೆಳಗಿಳಿಯುವುದು ಎಲ್ಲ ಸೇರಿಸಿ ನಾನು 40 ನಿಮಿಷ ಕೂಡಿಸುತ್ತೇನೆ. ವಿಮಾನ ಸಂಸ್ಥೆಗಳು ತಡವಾದೀತೆಂದು ಇನ್ನಷ್ಟು ಇಟ್ಟುಕೊಳ್ಳುತ್ತವೆ.

ಈಗ ನನ್ನ ಹಾಳೆಯಲ್ಲಿ ಪ್ರತಿ ಜೋಡಿ ನಿಲ್ದಾಣಕ್ಕೂ ದೂರದ ಕಾಲಂ ಒಂದು, ಸಮಯದ ಕಾಲಂ ಎರಡು.