ಮುರಕಲ್ಲು ಗುಡ್ಡೆಯಲ್ಲಿ ಕೊಕ್ಕೊ, ಕಾಡುಮರ ಮತ್ತು ಕಾರ್ಬನ್ ಲೆಕ್ಕ

ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದ ಮೇಲಿನ ಗುಡ್ಡೆಗಳಲ್ಲಿ ಒಂದು ಕಾಲಕ್ಕೆ ದಟ್ಟ ಕಾಡಿತ್ತು. ಸೊಪ್ಪು, ಸೌದೆ, ಬೆಂಕಿ, ಆಮೇಲೆ ಅಕೇಶಿಯಾ ಎಲ್ಲ ಮುಗಿದು ಈಗ ಹಲವೆಡೆ ಉಳಿದಿರುವುದು ಮುರಕಲ್ಲು (ಜಂಬಿಟ್ಟಿಗೆ), ಮುಳಿಹುಲ್ಲು. ಅಂಥ ಜಾಗದಲ್ಲಿ ಕೊಕ್ಕೊ ಮತ್ತು ಕಾಡುಮರಗಳನ್ನು ಒಟ್ಟಿಗೆ ಎಬ್ಬಿಸಿ, ಮರಗಳಿಗೆ ಕಾರ್ಬನ್ ಕ್ರೆಡಿಟ್ ಹಣ, ಅಂದರೆ ಮರ ಗಾಳಿಯಿಂದ ಹೀರಿ ಹಿಡಿದಿಟ್ಟ ಇಂಗಾಲಕ್ಕೆ ಸಿಗುವ ಹಣ, ಜೋಡಿಸಲು ನಾವು ಅನುಸರಿಸಿದ ಕ್ರಮ ಇದು.

ಗುಂಡಿ ತೆಗೆಯುವ ಮೊದಲು ಪಹಣಿ ನೋಡಬೇಕು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗುಡ್ಡೆಯ ಬಹುಪಾಲು ಕುಮ್ಕಿ. ವರ್ಗ ಜಮೀನಿನಿಂದ (ಕೃಷಿಕನ ಹೆಸರಿನ ಸಾಗುವಳಿ ಜಮೀನು) 450 ಗಜದೊಳಗಿನ ಈ ನೆಲದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಮಾತ್ರ ಕೃಷಿಕನದು, ನೆಲ ಸರ್ಕಾರದ್ದು. ಆದ್ದರಿಂದ ಅಲ್ಲಿ ನೆಟ್ಟ ಮರದ ಇಂಗಾಲವನ್ನು ನಮ್ಮದೆಂದು ಮಾರುವಂತಿಲ್ಲ. ಯೋಜನೆಗೆ ಪಟ್ಟಾ ಜಾಗವನ್ನಷ್ಟೇ ಸೇರಿಸಿದೆವು. ಕಾರ್ಬನ್ ಕ್ರೆಡಿಟ್‌ಗಳನ್ನು ನೋಂದಾಯಿಸಿ ಕೊಡುವ ವೆರಾ ಸಂಸ್ಥೆಯ ನಿಯಮದಲ್ಲಿ ಇನ್ನೊಂದು ಬಿಗಿಯಿದೆ: ಯೋಜನೆ ಶುರುವಾಗುವ ಹಿಂದಿನ 10 ವರ್ಷಗಳಲ್ಲಿ ನೈಸರ್ಗಿಕ ಕಾಡು ಕಡಿದ ಜಾಗ ಲೆಕ್ಕಕ್ಕಿಲ್ಲ. ಬ್ರೆಜಿಲ್ಲಿನ ಬಹಿಯಾದ ಕಬ್ರೂಕಾ ತೋಟಗಳ ಚಿತ್ರ ತೋರಿಸಿ ‘ಹೀಗೆ ಮಾಡೋಣ’ ಎನ್ನುವವರು ಸಿಗುತ್ತಾರೆ. ಅದು ಇದ್ದ ಕಾಡಿನ ಕೆಳಪೊದೆ ಸವರಿ ಕೊಕ್ಕೊ ನೆಟ್ಟ ಪದ್ಧತಿ. ಬೋಳುಗುಡ್ಡೆಯಲ್ಲಿ ಕೆಲಸ ತಲೆಕೆಳಗು, ಮೊದಲು ನೆರಳು ಹುಟ್ಟಿಸಬೇಕು.

ಅಕೇಶಿಯಾ ಇದ್ದರೆ ಒಮ್ಮೆಗೇ ಕಡಿಯಬೇಡಿ. ಹೊಸ ಗಿಡಕ್ಕೆ ಅದೇ ಮೊದಲ ನೆರಳು. ಮೇಲಾಗಿ, ಕಡಿದ ಮರದ ಇಂಗಾಲವನ್ನು ಮುಂದಿನ ಕ್ರೆಡಿಟ್ಟಿನಿಂದ ಕಳೆಯುತ್ತಾರೆ. ಸಾಲು ಬಿಟ್ಟು ಸಾಲು ತೆಗೆದು, ಉಳಿದದ್ದನ್ನು ಮೂರು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕಡಿಮೆ ಮಾಡಿದೆವು.

ಗುಂಡಿಗಳ ಅಂತರ 4×3 ಮೀಟರ್. ಎಕರೆಗೆ 337 ಗುಂಡಿ. ಪ್ರತಿ ಮೂರನೆಯದು ಕಾಡುಮರಕ್ಕೆ. ಅಂದರೆ 225 ಕೊಕ್ಕೊ, 112 ಮರ. ಗುಂಡಿ 60 ಸೆಂ.ಮೀ. ಉದ್ದಗಲ, ಅಷ್ಟೇ ಆಳ. ಮೇಲ್ಮಣ್ಣಿನ ಜೊತೆ 15–20 ಕೆ.ಜಿ. ಕಾಂಪೋಸ್ಟ್ ಹಾಕಿ, ನೆಲಮಟ್ಟಕ್ಕಿಂತ ಒಂದು ಗೇಣು ಏರಿಸಿ ತುಂಬಬೇಕು. ಮುರಕಲ್ಲಿನ ಗುಂಡಿ ಬಾವಿಯಂತೆ ನೀರು ಹಿಡಿಯುತ್ತದೆ. ಮಣ್ಣು ತಗ್ಗಾದರೆ ಆಷಾಢದೊಳಗೆ ಬೇರು ಕೊಳೆತು ಗಿಡ ಹೋಗುತ್ತದೆ. ಇಳಿಜಾರಿನಲ್ಲಿ ಗುಂಡಿಯ ಕೆಳಬದಿಗೆ ತಡೆ ಕಟ್ಟಿ, ಸಾಲುಗಳ ನಡುವೆ ಇಂಗುಗುಂಡಿ ತೆಗೆದೆವು.

ಕೊಕ್ಕೊ ನೆಡುವ ಹಿಂದಿನ ಮಳೆಗಾಲದಲ್ಲೇ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಗೂಟ ಮತ್ತು ಬಾಳೆ ನೆಡಬೇಕು. ಎಳೆ ಕೊಕ್ಕೊಗೆ ಅರ್ಧಕ್ಕಿಂತ ಹೆಚ್ಚು ನೆರಳು ಬೇಕು. ಕಾಡುಮರಗಳಲ್ಲಿ ಹೆಬ್ಬಲಸು, ಹಲಸು, ಹೊನ್ನೆ, ಪುನರ್ಪುಳಿ ಮೊದಲ ವರ್ಷವೇ ಬಿಸಿಲು ತಾಳಿಕೊಂಡವು. ಧೂಪ, ಕಿರಾಲ್‌ಬೋಗಿ, ರಾಮಪತ್ರೆ ನಿಜವಾದ ಮಳೆಕಾಡಿನವು. ಅವನ್ನು ಬಾಳೆ ಎದ್ದ ಮೇಲೆ ನೆಟ್ಟೆವು. ಧೂಪ, ಕಿರಾಲ್‌ಬೋಗಿಯ ಬೀಜ ಒಣಗಿದರೆ ಸತ್ತಂತೆ. ಮಳೆ ಹಿಡಿಯುವ ಹೊತ್ತಿಗೆ ಮರದಡಿ ಬಿದ್ದದ್ದನ್ನು ಹೆಕ್ಕಿ ಕೂಡಲೇ ಪಾಲಿಥಿನ್ ಚೀಲಕ್ಕೆ ಹಾಕಬೇಕು.

ಕೊಕ್ಕೊ ಗಿಡ ತರುವಾಗ ಒಂದೇ ತಾಯಿಮರದ ಕಸಿಗಿಡ ತರಬಾರದು. ತನ್ನದೇ ಪರಾಗಕ್ಕೆ ಕಾಯಿ ಕಟ್ಟದ ಮರಗಳು ಕೊಕ್ಕೊದಲ್ಲಿ ಬಹಳ. ತೋಟವೆಲ್ಲ ಒಂದೇ ತಳಿಯಾದರೆ ಕಾಂಡದ ತುಂಬ ಹೂವಿದ್ದೂ ಕಾಯಿ ಕಚ್ಚುವುದಿಲ್ಲ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ತಳಿಗಳಲ್ಲಿ ನಾಲ್ಕೈದನ್ನು ಬೆರೆಸಿ ನೆಟ್ಟರೆ ಈ ತೊಂದರೆಯಿಲ್ಲ. ಪರಾಗ ಸಾಗಿಸುವುದು ಕೊಳೆಯುವ ತರಗೆಲೆಯಲ್ಲಿ ಹುಟ್ಟುವ ಸಣ್ಣ ನೊಣ. ಹಾಗಾಗಿ ಬುಡ ಗುಡಿಸಿ ಚೊಕ್ಕ ಮಾಡುವ ಅಭ್ಯಾಸ ಬಿಡಬೇಕು.

ಮಳೆ 3500 ಮಿ.ಮೀ. ಮೀರಿ ಸುರಿದರೂ ಡಿಸೆಂಬರ್‌ನಿಂದ ಮೇವರೆಗೆ ಗುಡ್ಡೆ ಒಣಗುತ್ತದೆ. ಬೆಳೆದ ಕೊಕ್ಕೊಗೆ ದಿನಕ್ಕೆ 20 ಲೀಟರ್ ಹನಿ ನೀರು ಬೇಕು. 225 ಗಿಡಕ್ಕೆ ದಿನಕ್ಕೆ 4500 ಲೀಟರ್. ಈ ನೀರು ಇಲ್ಲದವರು ಕೊಕ್ಕೊ ಬಿಟ್ಟು ಪುನರ್ಪುಳಿ ಹೆಚ್ಚಿಸುವುದೇ ಲೇಸು. ಮೂರನೇ ವರ್ಷದಿಂದ ಗಿಡಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ; ಮೊದಲ ವರ್ಷ ಇದರ ಮೂರನೇ ಒಂದು, ಎರಡನೇ ವರ್ಷ ಮೂರನೇ ಎರಡು ಪಾಲು. ಕಾಂಡದಿಂದ ನೆಟ್ಟಗೆ ಏಳುವ ಚಿಗುರನ್ನು ಚಿವುಟುತ್ತಲೇ ಇರಬೇಕು. ಕಾಯಿ ಕಪ್ಪಾಗಿ ಕೊಳೆಯುವ ರೋಗಕ್ಕೆ ಮಳೆಗೆ ಮುಂಚೆ ಒಮ್ಮೆ, 45 ದಿನ ಬಿಟ್ಟು ಇನ್ನೊಮ್ಮೆ ಶೇ. 1ರ ಬೋರ್ಡೊ (ಮೈಲುತುತ್ತು, ಸುಣ್ಣದ) ದ್ರಾವಣ. ನೆರಳು ಅತಿಯಾದಲ್ಲಿ ಬರೀ ಬೋರ್ಡೊ ಸಾಲದು, ಗಾಳಿ ಆಡಬೇಕು. ಅಳಿಲು, ಇಲಿ, ಮಂಗ ತಿನ್ನುವುದು ಹಣ್ಣಾದ ಕಾಯಿಯನ್ನು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೊಯ್ದರೆ ನಷ್ಟ ತಗ್ಗುತ್ತದೆ.

ಇನ್ನು ಕಾರ್ಬನ್. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ನೆಲದಿಂದ 1.3 ಮೀಟರ್ ಎತ್ತರದಲ್ಲಿ 20 ಸೆಂ.ಮೀ. ವ್ಯಾಸ, 12 ಮೀಟರ್ ಎತ್ತರ, 0.55 ಮರಸಾಂದ್ರತೆಯ (ಘನ ಸೆಂ.ಮೀ.ಗೆ ಒಣ ಮರ 0.55 ಗ್ರಾಂ) ಮರ ತೆಗೆದುಕೊಳ್ಳಿ. ಉಷ್ಣವಲಯಕ್ಕೆ ಬಳಸುವ ಸಾಮಾನ್ಯ ಸೂತ್ರದಲ್ಲಿ ನೆಲದ ಮೇಲಿನ ಒಣತೂಕ ಸುಮಾರು 147 ಕೆ.ಜಿ. ಬೇರಿಗೆ ಶೇ. 24 ಸೇರಿಸಿದರೆ 182. ಅದರ ಶೇ. 47 ಇಂಗಾಲ, ಅದನ್ನು ಡೈಆಕ್ಸೈಡ್ ತೂಕಕ್ಕೆ ತಿರುಗಿಸಲು 3.67ರಿಂದ ಗುಣಿಸಿದರೆ 314 ಕೆ.ಜಿ. ಮೂರು ಮರಕ್ಕೂ ಒಂದು ಕ್ರೆಡಿಟ್ ಪೂರ್ತಿ ಆಗುವುದಿಲ್ಲ! ಎಕರೆಯಲ್ಲಿ ನೂರು ಮರ ಉಳಿದು ಈ ಗಾತ್ರಕ್ಕೆ ಬಂದರೆ 31 ಟನ್. ಬೆಂಕಿ, ಗಾಳಿಯ ಅಪಾಯಕ್ಕೆಂದು ಶೇ. 20 ತೆಗೆದಿಟ್ಟರೆ ಕೈಗೆ 25. ಕ್ರೆಡಿಟ್ಟಿಗೆ 15 ಡಾಲರ್ ಎಂದು ಹಿಡಿದರೂ 375 ಡಾಲರ್, ಅದೂ ಹತ್ತು ವರ್ಷ ದಾಟಿದ ಮೇಲೆ. ಸಲಹೆಗಾರರ ಕಚೇರಿಯ ಸ್ಲೈಡಿನಲ್ಲಿ ಈ ಅಂಕಿ ಕಾಣುವುದು ಅಪರೂಪ. ತಪಾಸಣೆಯ ಖರ್ಚನ್ನು ಒಬ್ಬ ಕೃಷಿಕ ಹೊರಲಾರ, ಗುಂಪಾಗಿಯೇ ಸೇರಬೇಕು.

ಅಳತೆಯಲ್ಲಿ ಸಡಿಲ ಬಿಟ್ಟರೆ ನಷ್ಟ ನಮಗೇ. 20 ಸೆಂ.ಮೀ. ಮರದಲ್ಲಿ ಒಂದು ಸೆಂ.ಮೀ. ತಪ್ಪಿದರೆ ಲೆಕ್ಕದಲ್ಲಿ ಶೇ. 10 ವ್ಯತ್ಯಾಸ. ಟೇಪು ಹಿಡಿಯುವ ಜಾಗಕ್ಕೆ ಬಣ್ಣದ ಪಟ್ಟಿ ಬಳಿಯಬೇಕು. ಇಳಿಜಾರಿನಲ್ಲಿ ಮೇಲ್ಬದಿಯಿಂದ ಎತ್ತರ ಅಳೆಯಬೇಕು. ಪ್ರತಿ ಸಲವೂ ಜನವರಿಯಲ್ಲೇ ಅಳೆಯಬೇಕು.

ಹೀಗಾಗಿ ಮೊದಲ ವರ್ಷಗಳ ಖರ್ಚು ಬಾಳೆಯಿಂದ, ಆಮೇಲಿನದು ಕ್ಯಾಂಪ್ಕೊ ಸಹಕಾರಿ ಸಂಸ್ಥೆಗೆ ಕೊಡುವ ಹಸಿ ಕೊಕ್ಕೊ ಬೀಜದಿಂದ ಹೊರಡಬೇಕು. ಕ್ರೆಡಿಟ್ ಖರೀದಿದಾರರೊಂದಿಗಿನ ಒಪ್ಪಂದದಲ್ಲಿ ಗಿಡ, ಬೇಲಿ, ಪೈಪಿಗೆ ಮುಂಗಡ ಕೇಳಿದೆವು. ಆಮೇಲಿನ ಪಾವತಿ ಟನ್ನಿಗಲ್ಲ, ಬದುಕಿ ನಿಂತ ಮರಕ್ಕೆ. ಗಾಳಿಗೆ ಬಿದ್ದ ಮರದ ಹೊಣೆ ಯಾರದೆಂಬ ಸಾಲು ಇಲ್ಲದ ಕಾಗದಕ್ಕೆ ಸಹಿ ಹಾಕಬಾರದು.

2024ರಲ್ಲಿ ಜಾಗತಿಕ ಕೊಕ್ಕೊ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ‘ಮರ ತೆಗೆದರೆ ಫಸಲು ಹೆಚ್ಚು’ ಎಂಬ ಮಾತು ಎಲ್ಲೆಡೆ ಎದ್ದಿತು. ಅದಕ್ಕೆಂದೇ ಒಪ್ಪಂದದಲ್ಲಿ ಕೊಂಬೆ ಸವರುವ ಹಕ್ಕು ಉಳಿಸಿಕೊಳ್ಳಬೇಕು. ಫಸಲಿಗೆ ಬಂದ ಕೊಕ್ಕೊಗೆ ಮೂರನೇ ಒಂದು ಭಾಗ ನೆರಳು ಸಾಕು. ಲೆಕ್ಕ ನಡೆಯುವುದು ಕಾಂಡದ ವ್ಯಾಸ, ಎತ್ತರದ ಮೇಲೆ, ಆದ್ದರಿಂದ ತುದಿ ಮುಟ್ಟದೆ ಕೆಳಗಿನ ಕೊಂಬೆ ತೆಗೆದರೆ ಕ್ರೆಡಿಟ್ಟಿಗೆ ಹೊಡೆತವಿಲ್ಲ. ಈ ಕೆಲಸ ಮೇ ಕೊನೆಯಲ್ಲಿ. ಸವರಿದ ಸೊಪ್ಪು ಅಲ್ಲೇ ಕೊಕ್ಕೊದ ಬುಡಕ್ಕೆ.