ವಯೋಲಾ ಕೇಳಿಸತೊಡಗಿದ್ದು ಹೀಗೆ

ನಾನು ಹಾಸನದಲ್ಲಿ ಕರ್ನಾಟಕ ಸಂಗೀತದ ಪಿಟೀಲು ನುಡಿಸುತ್ತೇನೆ, ಮಕ್ಕಳಿಗೆ ಪಾಠ ಹೇಳುತ್ತೇನೆ. ಸಂಗೀತಗಾರರ ಊರೆಂದೇ ಹೆಸರಾದ ರುದ್ರಪಟ್ಟಣ ನಮ್ಮ ಜಿಲ್ಲೆಯದೇ, ಹಾಗಾಗಿ ಒಳ್ಳೆಯ ಸಂಗೀತಕ್ಕೆ ಇಲ್ಲಿ ಬರವಿಲ್ಲ. ಆದರೆ ಪಾಶ್ಚಾತ್ಯ ಸಂಗೀತದ ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿ, ಹೇಳಿಕೊಡುವವರು ನನಗೆ ಸಿಗಲಿಲ್ಲ. ಅದನ್ನು ಕಲಿತದ್ದು ಸ್ವರಲಿಪಿ ಟೈಪ್ ಮಾಡಿದರೆ ನುಡಿಸಿ ಕೇಳಿಸುವ ಮ್ಯೂಸ್‌ಸ್ಕೋರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಿಂದ.

ಕ್ವಾರ್ಟೆಟ್‌ನಲ್ಲಿ ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ, ತಗ್ಗು ದನಿಯ ಒಂದು ವಯೋಲಾ, ಅದಕ್ಕಿಂತಲೂ ತಗ್ಗು ದನಿಯ ಒಂದು ಚೆಲ್ಲೊ. ನಾಲ್ಕಕ್ಕೂ ಬೇರೆ ಬೇರೆ ಸಾಲು. ಒಂದೇ ರಾಗದ ಎಳೆ ಹಿಡಿದು ಬೆಳೆದ ನನ್ನ ಕಿವಿಗೆ ಮೊದಲ ಪಿಟೀಲು ಮಾತ್ರ ಕೇಳಿಸುತ್ತಿತ್ತು.

ಮೊಜಾರ್ಟ್ 1785ರಲ್ಲಿ ಮುಗಿಸಿದ, 'ಡಿಸೊನೆನ್ಸ್' (ಸ್ವರಗಳ ಘರ್ಷಣೆ) ಎಂದು ಹೆಸರಾದ ಕ್ವಾರ್ಟೆಟ್ ಆರಿಸಿಕೊಂಡೆ. ಸಂಗೀತಕಾರ ಹೈಡನ್‌ಗೆ ಅರ್ಪಿಸಿದ ಆರರಲ್ಲಿ ಇದು ಕೊನೆಯದು. ಹಕ್ಕುಸ್ವಾಮ್ಯ ಮುಗಿದ ಸ್ವರಲಿಪಿ ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆರಂಭದ ನಿಧಾನ ಭಾಗ 22 ಬಾರ್, ಅಂದರೆ ಸ್ವರಲಿಪಿಯ 22 ತಾಳದ ಮನೆಗಳು. ಅಷ್ಟನ್ನೂ ನಾನೇ ಟೈಪ್ ಮಾಡಿದೆ. ಸಿದ್ಧ ಫೈಲ್ ಹುಡುಕಬಹುದಿತ್ತು, ಆದರೆ ಒಂದೊಂದೇ ಸ್ವರ ಕೂರಿಸುವಾಗಲೇ ಅರ್ಧ ಪಾಠ ಆಗಿಬಿಡುತ್ತದೆ.

ಆಮೇಲೆ ಒಂದೊಂದು ವಾದ್ಯದ ದನಿ ಹೊಂದಿಸುವ ಮಿಕ್ಸರ್ ತೆರೆದು ವೇಗ ಅರ್ಧಕ್ಕಿಳಿಸಿದೆ. ಒಂದು ವಾದ್ಯ ಮಾತ್ರ ಬೇಕಾದರೆ ಸೋಲೋ, ಬೇಡದ್ದಕ್ಕೆ ಮ್ಯೂಟ್. ಚೆಲ್ಲೊ 'ಸಿ' ಸ್ವರವನ್ನೇ ಮೆಲ್ಲಗೆ ಮತ್ತೆ ಮತ್ತೆ ನುಡಿಸುತ್ತದೆ. ಅದನ್ನೇ ಷಡ್ಜ ಅಂದುಕೊಂಡೆ. ವಯೋಲಾ ಶುದ್ಧ ಧೈವತದಲ್ಲಿ ಬಂದು ಪಂಚಮಕ್ಕಿಳಿಯುತ್ತದೆ. ಎರಡನೇ ಪಿಟೀಲು ಸಾಧಾರಣ ಗಾಂಧಾರ. ಅಷ್ಟರಲ್ಲಿ ಮೊದಲ ಪಿಟೀಲು ಮೇಲಿನಿಂದ ಚತುಃಶ್ರುತಿ ಧೈವತ, ಅಂದರೆ ವಯೋಲಾದ್ದಕ್ಕಿಂತ ಅರ್ಧ ಸ್ವರ ಮೇಲಿನ ಧೈವತ, ಹಿಡಿಯುತ್ತದೆ! ನಮ್ಮಲ್ಲಿ ಒಂದೇ ಮೇಳದಲ್ಲಿ (ರಾಗದ ಮೂಲ ಸ್ವರಗುಂಪಿನಲ್ಲಿ) ಎರಡು ಧೈವತ ಬರುವುದಿಲ್ಲ, ಅಲ್ವಾ? ಮೈ ಜುಂ ಅಂದಿತು.

ಪಾಠಕ್ಕೆ ಬರುವ ಹುಡುಗನಿಗೆ ಕೇಳಿಸಿದೆ.

"ಸರ್, ಇದು ಅಪಸ್ವರ ಅಲ್ವಾ?"

"ವಯೋಲಾ ಮ್ಯೂಟ್ ಮಾಡಿ ಇನ್ನೊಂದ್ಸಲ ಕೇಳು."

ಕೇಳಿದ. ಬಿಗಿ ಅರ್ಧ ಸಡಿಲವಾಗಿತ್ತು. ವಯೋಲಾದ ಧೈವತ ಕಿವಿಯಲ್ಲಿ ಉಳಿದಿದ್ದರೇನೇ ಪಿಟೀಲಿನ ಧೈವತ ಚುಚ್ಚುವುದು. ಇಬ್ಬರಿಗೂ ಅದು ಆಗಲೇ ತಿಳಿದದ್ದು. ಹೀಗೆ ಕಷ್ಟಪಟ್ಟು ನಡೆದ ಮೇಲೆ ಸಿ ಮೇಜರ್‌ನ, ಅಂದರೆ ನಮ್ಮ ಶಂಕರಾಭರಣದ ಸ್ವರಗಳ ವೇಗದ ಭಾಗ ಬರುತ್ತದೆ. ಆ ಬೆಳಕನ್ನು ಕೇಳಿಯೇ ತಿಳಿಯಬೇಕು.

ಕಂಪ್ಯೂಟರಿನ ದನಿಗೆ ಕಮಾನಿನ ಉಸಿರಿಲ್ಲ. ಸಾಲುಗಳ ಪರಿಚಯ ಆದಮೇಲೆ ಕಲಾವಿದರ ಧ್ವನಿಮುದ್ರಣವನ್ನೇ ಕೇಳಿ, ವಯೋಲಾದ ಸಾಲನ್ನು ಜೊತೆಗೆ ಗುನುಗಿ. ನನ್ನ ವಿದ್ಯಾರ್ಥಿಗಳಿಗೂ ಹೀಗೇ ಮಾಡಿಸುತ್ತಿದ್ದೇನೆ.

ಈಗ ಶೂಬರ್ಟ್‌ನ 1819ರ 'ಟ್ರೌಟ್' ಕ್ವಿಂಟೆಟ್ ಟೈಪ್ ಮಾಡುತ್ತಿದ್ದೇನೆ. ಎರಡನೇ ಪಿಟೀಲಿನ ಬದಲು ಡಬಲ್ ಬೇಸ್, ಜೊತೆಗೆ ಪಿಯಾನೊ. ನಾಲ್ಕನೇ ಭಾಗದಲ್ಲಿ ಅವನದೇ 'ಟ್ರೌಟ್' ಹಾಡಿನ ಧಾಟಿಯನ್ನು ಮೊದಲು ತಂತಿವಾದ್ಯಗಳಷ್ಟೇ ನುಡಿಸುತ್ತವೆ, ಪಿಯಾನೊ ಸುಮ್ನೆ ಕಾಯುತ್ತದೆ.